ಡಿಕ್ಕಿಯೊಳಗೊಂದು ದೀಪ

ಪುಣೆಯಲ್ಲೇ ಹುಟ್ಟಿ ಬೆಳೆಯುತ್ತಿರುವ ನನ್ನ ಮಗಳಿಗೆ ಕನ್ನಡ ಓದಲು ಕಲಿಸಿದವರು ಧಾರವಾಡದಲ್ಲಿರುವ ಅವಳ ಅಜ್ಜ. ಕಲಿಸಿದ್ದು ವಿಡಿಯೊ ಕಾಲ್‌ನಲ್ಲಿ. ದಿನಾ ಸಂಜೆ ಪತ್ರಿಕೆಯನ್ನು ಫೋನಿನ ಮುಂದೆ ಹಿಡಿದು ಒಂದೊಂದೇ ತಲೆಬರಹ ಓದಿಸುತ್ತಿದ್ದರು. ಒಂದು ದಿನ ಆ ಪಾಠ ಮುಗಿಸಿ ಬಂದವಳು ನನ್ನನ್ನು ಕೇಳಿದಳು: "ಅಪ್ಪಾ, 'ಕಾರಿಗೆ ಲಾರಿ ಡಿಕ್ಕಿ' ಅಂತ ಬರದಾರ. ಲಾರಿಗೆ ಡಿಕ್ಕಿ ಎಲ್ಲಿ ಇರತೈತಿ?"

ನಕ್ಕೆವು. ಆಮೇಲೆ ಯೋಚಿಸಿದರೆ ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಇಂಗ್ಲಿಷರು ಅದಕ್ಕೆ ಬೂಟ್ ಎನ್ನುತ್ತಾರೆ, ನಮಗೆ ಬೂಟ್ ಎಂದರೆ ಕಾಲಿಗೆ ಹಾಕುವುದು. ಅಮೆರಿಕದವರು ಟ್ರಂಕ್ ಎನ್ನುತ್ತಾರೆ, ನಮ್ಮ ಟ್ರಂಕು ಮಂಚದ ಕೆಳಗೆ ತುಕ್ಕು ಹಿಡಿಯುತ್ತ ಕೂತಿದೆ. ಹಳೆಯ ಕಾಲದ ಸಾರೋಟು ಮತ್ತು ಕಾರುಗಳ ಹಿಂಭಾಗದಲ್ಲಿ ಒಂದು ಹೆಚ್ಚುವರಿ ಸೀಟು ಇರುತ್ತಿತ್ತು, ಅದಕ್ಕೆ ಡಿಕ್ಕಿ ಸೀಟ್ ಎಂದು ಹೆಸರು. ಸೀಟು ಹೋಯಿತು, ಜಾಗ ಉಳಿಯಿತು, ಹೆಸರು ನಮ್ಮ ದೇಶದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಕನ್ನಡದಲ್ಲಂತೂ ಅದೇ ಮಾತು ಗುದ್ದುವುದಕ್ಕೂ ಇರುವುದರಿಂದ ಮಗಳ ಕಾಲಕ್ಕೂ ಈ ಗೊಂದಲ ಮುಗಿಯುವಂಥದಲ್ಲ.

ಈ ಸಲದ ಅಂಕಣ ಡಿಕ್ಕಿಯ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಡಿಕ್ಕಿಯೊಳಗಿನ ಕತ್ತಲೆಯ ಬಗ್ಗೆ, ಅಲ್ಲಿ ನಾನು ಎರಡು ಸಲ ಹಾಕಿಸಿದ ದೀಪದ ಬಗ್ಗೆ.

ಹೊರನಾಡಿನಲ್ಲಿರುವ ನಮ್ಮಂಥವರ ಡಿಕ್ಕಿಗೆ ಒಂದು ಸ್ವಭಾವವಿದೆ, ನೀವೂ ಬಲ್ಲಿರಿ. ಊರಿಗೆ ಹೋಗುವಾಗ ಎರಡು ಸೂಟ್‌ಕೇಸು, ಒಂದು ಬಾಕರವಡಿ ಪೊಟ್ಟಣ. ಬರುವಾಗ ಮುಚ್ಚಲು ಇಬ್ಬರು ಬೇಕು. ಹತ್ತು ಕಿಲೋ ಜೋಳದ ಹಿಟ್ಟು, ಹಳೆಯ ಧೋತರದಲ್ಲಿ ಕಟ್ಟಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಪುಡಿ, ರಂಜಕದ ಬರಣಿ, ಅದು ಉರುಳದಂತೆ ಸುತ್ತ ಒತ್ತಿ ಇಟ್ಟ ಹಳೇ ಸೀರೆಗಳು. ಇವೆಲ್ಲ ಪುಣೆಯಲ್ಲಿ ಸಿಗುತ್ತವೆ ಅವ್ವಾ ಎಂದರೆ, "ಸಿಗತಾವು, ಸಿಗದ ಏನ ಮಾಡತಾವು" ಎನ್ನುತ್ತಲೇ ಇನ್ನೊಂದು ಡಬ್ಬಿ ತುರುಕುತ್ತಾಳೆ. ಇಷ್ಟೆಲ್ಲದರ ಕೆಳಗೆ, ನೆಲದ ಹಲಗೆಯ ಅಡಿಯಲ್ಲಿ, ಸ್ಟೆಪ್ನಿ, ಜಾಕು, ಪಾನಾ ಮತ್ತು ಕೆಂಪು ತ್ರಿಕೋನ ಮಲಗಿರುತ್ತವೆ. ಕಾರು ಕೊಂಡ ದಿನ ಶೋರೂಮಿನ ಹುಡುಗ ತೋರಿಸಿದ್ದನ್ನು ಬಿಟ್ಟರೆ ಅವುಗಳ ಮುಖವನ್ನು ನಾನು ಮತ್ತೆ ನೋಡಿರಲಿಲ್ಲ.

ಕಳೆದ ದೀಪಾವಳಿಯ ಪಾಡ್ಯ ಮುಗಿಸಿಕೊಂಡು ಮರುದಿನ ಸಂಜೆ ಧಾರವಾಡ ಬಿಟ್ಟೆವು. ಈ ಸಲ ಅಪ್ಪನೂ ಜೊತೆಗಿದ್ದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಪುಣೆಯಲ್ಲಿ ಆಪರೇಷನ್ ಮಾಡಿಸುವುದೆಂದು ಬಹಳ ಹೇಳಿ ಒಪ್ಪಿಸಿದ್ದೆ. ಕೊಲ್ಹಾಪುರದಲ್ಲಿ ಊಟ ಮಾಡಿ ಹೊರಟು ಕರಾಡದ ಹತ್ತಿರ ಬಂದಾಗ ಹತ್ತೂವರೆ ದಾಟಿತ್ತು. ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದ ಭಾಗ ಅದು. ಒಂದು ಕಡೆ ಡೈವರ್ಷನ್, ಇನ್ನೊಂದು ಕಡೆ ಖಡಿ ರಾಶಿ. ಎಡಗಡೆಯ ಹಿಂದಿನ ಗಾಲಿ ಯಾವುದೋ ಚೂಪು ಕಲ್ಲಿಗೆ ಸೀಳಿಹೋಯಿತು. ಹೇಗೋ ಬದಿಗೆ ತಂದು ನಿಲ್ಲಿಸಿದೆ. ಬಿದಿಗೆಯ ಚಂದ್ರ ಎಂದೋ ಮುಳುಗಿದ್ದ. ಎರಡು ದಿನದ ಹಿಂದೆ ಮನೆಯ ಕಟ್ಟೆಯ ಮೇಲೆ ಸಾಲಾಗಿ ಹಣತೆ ಹಚ್ಚಿಟ್ಟವರು ನಾವು, ಅಲ್ಲಿ ಒಂದು ಬೆಂಕಿಕಡ್ಡಿಯಷ್ಟೂ ಬೆಳಕಿಲ್ಲದೆ ನಿಂತಿದ್ದೆವು.

ಡಿಕ್ಕಿ ತೆಗೆದೆ. ನಮ್ಮದು ಸಣ್ಣ ಹ್ಯಾಚ್‌ಬ್ಯಾಕ್. ಡಿಕ್ಕಿಯೊಳಗೆ ಬಲಗಡೆಗೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ದೀಪವಿದೆ, 5 ವ್ಯಾಟ್‌ನ ಬಲ್ಬು. ಆ ದೀಪಕ್ಕೆ ಒತ್ತಿಕೊಂಡೇ ಜೋಳದ ಹಿಟ್ಟಿನ ಚೀಲ ಕೂತಿತ್ತು. ಚೀಲದ ಅಂಚು ಮಾತ್ರ ಹಳದಿಯಾಗಿ ಹೊಳೆಯಿತು, ಉಳಿದದ್ದೆಲ್ಲ ಕಪ್ಪು. ಫೋನಿನ ಟಾರ್ಚ್ ಹಚ್ಚಿ ಹಲ್ಲಿನಲ್ಲಿ ಕಚ್ಚಿಕೊಂಡು ಒಂದೊಂದೇ ಸಾಮಾನು ಇಳಿಸತೊಡಗಿದೆ. ಸೂಟ್‌ಕೇಸ್ ಇಳಿಸಿದೆ. ರಂಜಕದ ಬರಣಿಯನ್ನು ಎಲ್ಲಿಡುವುದೆಂದು ತಿಳಿಯದೆ ಹೆಂಡತಿಯ ಕೈಗೆ ಕೊಟ್ಟೆ. ತ್ರಿಕೋನ ಮೊದಲು ಬೇಕು, ಅದನ್ನು ಹಿಂದೆ ದೂರದಲ್ಲಿಟ್ಟ ಮೇಲೆಯೇ ಗಾಲಿಗೆ ಕೈಹಾಕಬೇಕು ಎಂಬುದು ನನಗೆ ಗೊತ್ತಿತ್ತು. ಆದರೆ ಅದು ಇದ್ದದ್ದು ಎಲ್ಲದರ ಕೆಳಗೆ.

"ನೀ ಗಾಲಿ ನೋಡು. ನಾ ಹಿಂದ ನಿಂದರತೀನಿ" ಎಂದರು ಅಪ್ಪ. ಕಾರಿನ ಹಿಂದೆ ಎಂದುಕೊಂಡು ಹೂಂ ಎಂದೆ.

ಐದಾರು ನಿಮಿಷ ಕಳೆದಿರಬಹುದು. "ರೀ, ಮಾವಾರು ಎಲ್ಲಿ?" ಎಂದಳು ಹೆಂಡತಿ.

ತಿರುಗಿ ನೋಡಿದರೆ ಐವತ್ತು ಹೆಜ್ಜೆ ಹಿಂದೆ, ರಸ್ತೆಯ ಬಿಳಿ ಗೆರೆಯ ಮೇಲೆ, ಬಿಳಿ ಧೋತರದಲ್ಲಿ ಅಪ್ಪ ನಿಂತಿದ್ದರು. ಹೆಗಲ ಮೇಲಿನ ಟವಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಹೊಲದಲ್ಲಿ ಹಕ್ಕಿ ಓಡಿಸುವವರಂತೆ ಬೀಸುತ್ತಿದ್ದರು. ಎದುರಿಗೆ ಒಂದು ಲಾರಿ ಬರುತ್ತಿತ್ತು. ನಾನು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಲಾರಿ ಉದ್ದಕ್ಕೆ ಹಾರ್ನ್ ಹೊಡೆದು, ಬ್ರೇಕ್ ಕಿರುಗುಟ್ಟಿಸಿ, ಬಲಕ್ಕೆ ಹೊರಳಿ ಹೋಯಿತು. ಅದರ ಗಾಳಿಗೆ ಟವಲ್ ಅವರ ಮುಖಕ್ಕೇ ಸುತ್ತಿಕೊಂಡಿತು.

ಓಡಿಹೋಗಿ ಕೈ ಹಿಡಿದು ಎಳೆದು ತಂದೆ. ಏನು ಬೈದೆನೋ ನೆನಪಿಲ್ಲ, ಬೈದದ್ದು ಹೌದು. ಅವರು ಶಾಂತವಾಗಿಯೇ ಹೇಳಿದರು: "ಅಂವಾ ನನ್ನ ನೋಡಿದಾ. ನಾ ಅಂವನ್ನ ನೋಡಲಿಲ್ಲ. ಬರೇ ಬೆಳಕ ಕಂಡತು, ಇಷ್ಟ ದೊಡ್ಡದು, ಮಂಜಿನಾಗಿನ ಸೂರ್ಯಾನಂಗ." ಪೊರೆ ಬಂದ ಕಣ್ಣಿಗೆ ಹೆಡ್‌ಲೈಟ್ ಕಾಣುವುದು ಹಾಗೆಯೇ. ಅದು ಎಷ್ಟು ದೂರದಲ್ಲಿದೆ, ಯಾವ ಕಡೆಗೆ ಬರುತ್ತಿದೆ ಒಂದೂ ತಿಳಿಯುವುದಿಲ್ಲ.

ಮನೆ ಸೇರಿದಾಗ ಬೆಳಗಿನ ಜಾವ ಮೂರು ಗಂಟೆ. ಮಾರನೆಯ ಶನಿವಾರವೇ ನಮ್ಮ ಕಡೆಯ ಒಂದು ಆಕ್ಸೆಸರೀಸ್ ಅಂಗಡಿಗೆ ಕಾರು ಒಯ್ದೆ. "ಡಿಕ್ಕಿಯಲ್ಲಿ ಲೈಟ್ ಬೇಕು, ಜೋರಾಗಿ ಬೇಕು" ಎಂದೆ. ತಪ್ಪು ಆ ಎರಡನೆಯ ಮಾತಿನಲ್ಲೇ ಇತ್ತೆಂದು ಆಮೇಲೆ ತಿಳಿಯಿತು. ಅಂಗಡಿಯ ಹುಡುಗ ಹದಿನಾರು ಬಣ್ಣದ ಪಟ್ಟಿ ತೋರಿಸಿದ. ಹಾಡಿಗೆ ತಕ್ಕಂತೆ ಬಣ್ಣ ಬದಲಿಸುತ್ತದಂತೆ, ರಿಮೋಟ್ ಇದೆಯಂತೆ. ಕೆಂಪು ದೀಪ ಮಂತ್ರಿಗಳ ಕಾರಿನ ತಲೆಯಿಂದಲೇ 2017ರ ಮೇ 1ರಂದು ಇಳಿದುಹೋಗಿದೆ, ನನ್ನ ರೊಟ್ಟಿಗಂಟಿಗೆ ಯಾಕಪ್ಪಾ ಎಂದೆ. ಬಿಳಿಯನ್ನಷ್ಟೇ ಇಟ್ಟುಕೊಳ್ಳಿ ಸರ್ ಎಂದ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. 2,800 ರೂಪಾಯಿ. ಡಿಕ್ಕಿ ತೆಗೆದರೆ ಮದುವೆ ಮಂಟಪ. ಮಗಳಿಗೆ ಬಹಳ ಇಷ್ಟವಾಯಿತು, ನನಗೂ ಇಷ್ಟವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಅಪ್ಪನ ಮೊದಲ ಕಣ್ಣಿನ ಆಪರೇಷನ್ ಇದ್ದದ್ದು ಸೋಮವಾರ ಬೆಳಿಗ್ಗೆ. ಏಳಕ್ಕೆ ಆಸ್ಪತ್ರೆಯಲ್ಲಿರಬೇಕು. ಭಾನುವಾರ ಸಂಜೆ ಏಳರ ಸುಮಾರಿಗೇ ಅವರ ಬ್ಯಾಗು, ರಿಪೋರ್ಟುಗಳ ಫೈಲು, ಒಂದು ದಿಂಬು ಎಲ್ಲ ಡಿಕ್ಕಿಯಲ್ಲಿಟ್ಟು ಮುಚ್ಚಿದೆ. ಬೆಳಿಗ್ಗೆ ಐದೂವರೆಗೆ ಕೀ ತಿರುಗಿಸಿದರೆ ಕಟಕಟ ಎಂದಿತು, ಆಮೇಲೆ ಅದೂ ಇಲ್ಲ. ಕಾರಿನ ಲಾಕೇ ತೆಗೆಯಲೊಲ್ಲದು. ಬ್ಯಾಗು ಒಳಗೆ, ನಾವು ಹೊರಗೆ. ಹಿಂದಿನ ಸೀಟು ಮಡಚಿ, ಒಳಗೆ ತೆವಳಿಕೊಂಡು ಹೋಗಿ ಫೈಲು ಎಳೆದುಕೊಂಡೆ. ಆ ಹೊತ್ತಿನಲ್ಲಿ ರಿಕ್ಷಾ ಸಿಗಲು ಇಪ್ಪತ್ತೈದು ನಿಮಿಷ ಹಿಡಿಯಿತು. ಆಸ್ಪತ್ರೆಯವರು ಒಳ್ಳೆಯವರು, ತಡವಾದದ್ದಕ್ಕೆ ಏನೂ ಅನ್ನಲಿಲ್ಲ. ರಿಕ್ಷಾದಲ್ಲಿ ಅಪ್ಪ ಮಾತ್ರ, "ಆ ದೀಪ ನನ್ನ ಸಲುವಾಗಿ ಹಾಕ್ಸೀಯಲ್ಲ?" ಎಂದು ಕೇಳಿ ಸುಮ್ಮನಾದರು. ನಾನು ಉತ್ತರ ಕೊಡಲಿಲ್ಲ.

ನಮ್ಮ ಸೊಸೈಟಿಯಲ್ಲಿ ಕೆಳಗಿನ ಮನೆಯ ಕಾಕಾ ಒಬ್ಬರಿದ್ದಾರೆ. ಟೆಲಿಫೋನ್ ಇಲಾಖೆಯಲ್ಲಿ ಕೇಬಲ್ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಆ ಸಂಜೆ ಅವರು ಬಂದು ಅಂಗಡಿಯವನು ಮಾಡಿದ ಕೆಲಸವನ್ನು ಬಿಚ್ಚಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಊಟದಲ್ಲಿ ಕೂದಲು ಸಿಕ್ಕವರ ಮುಖದ ಹಾಗಾಯಿತು. ಎರಡು ವೈರುಗಳನ್ನು ಬರಿಗೈಯಲ್ಲಿ ಹೊಸೆದು ಮೇಲೆ ಟೇಪು ಸುತ್ತಿದ್ದ. ಫ್ಯೂಜ್ ಎಂಬ ಪದಾರ್ಥವೇ ಇರಲಿಲ್ಲ. ಕೆಂಪು ವೈರನ್ನು ಯಾವಾಗಲೂ ಕರೆಂಟು ಇರುವ ತಂತಿಗೆ ಸೇರಿಸಿ, ಕರಿ ವೈರನ್ನು ಹತ್ತಿರದ ಒಂದು ಸ್ಕ್ರೂಗೆ ಸಿಕ್ಕಿಸಿ ಬಾಡಿಗೆ ಕೊಟ್ಟಿದ್ದ. (ಬಾಡಿಗೆ ಎಂದರೆ ಇಲ್ಲಿ ಕಾರಿನ ಬಾಡಿಗೆ. ಆದರೂ ಬಾಡಿಗೆ ಮನೆಯ ಲೆಕ್ಕವೇ ಇಲ್ಲೂ. ಒಮ್ಮೆ ಕೊಟ್ಟ ಮೇಲೆ ಅದು ನಿಮ್ಮ ಮಾತು ಕೇಳುವುದಿಲ್ಲ.) ಹೀಗಾಗಿ ಡಿಕ್ಕಿ ಮುಚ್ಚಿದರೂ ದೀಪ ಆರುವುದಿಲ್ಲ. ರಿಮೋಟ್ ಒತ್ತಿದರೆ ಮಾತ್ರ ಆರುತ್ತದೆ. ಆಪರೇಷನ್ನಿನ ಹಿಂದಿನ ಸಂಜೆ ರಿಮೋಟ್ ಯಾರಿಗೆ ನೆನಪಿರುತ್ತದೆ?

ಕಾಕಾ ಲೆಕ್ಕ ಹಾಕಿ ತೋರಿಸಿದರು. ಅಂಗಡಿಯವನು ಹಾಕಿದ್ದು 5050 ಎಂಬ ಜಾತಿಯ ಎಲ್‌ಇಡಿ ಪಟ್ಟಿ. ಈ ಸಂಖ್ಯೆ ಬೆಳಕಿನದಲ್ಲ, ಒಂದೊಂದು ಹರಳಿನ ಅಳತೆ, 5 ಮಿ.ಮೀ. ಉದ್ದ 5 ಮಿ.ಮೀ. ಅಗಲ. ಮೀಟರಿಗೆ 60 ಹರಳಿರುವ ಅಂಥ ಪಟ್ಟಿ ಪೂರ್ತಿ ಉರಿದರೆ ಮೀಟರಿಗೆ ಸುಮಾರು 14 ವ್ಯಾಟ್ ತಿನ್ನುತ್ತದೆ. ಎರಡು ಮೀಟರು ಹಾಕಿದ್ದ. ಅಂದರೆ 28 ವ್ಯಾಟ್, 12 ವೋಲ್ಟಿನ ಬ್ಯಾಟರಿಯಿಂದ ಎರಡೂಕಾಲು ಆಂಪಿಯರಿಗೂ ಮಿಕ್ಕಿ. ನಮ್ಮ ಕಾರಿನ ಬ್ಯಾಟರಿ 35 ಆಂಪಿಯರ್-ಅವರಿನದು. ಸಂಜೆ ಏಳರಿಂದ ಬೆಳಗಿನ ಐದೂವರೆಯವರೆಗೆ ಹತ್ತೂವರೆ ಗಂಟೆ ಮುಚ್ಚಿದ ಡಿಕ್ಕಿಯೊಳಗೆ ಅಪ್ಪನ ದಿಂಬಿಗೆ ಬೆಳಕು ತೋರಿಸುತ್ತ 24 ಆಂಪಿಯರ್-ಅವರು ಹೋಗಿತ್ತು. ಉಳಿದದ್ದು ಎಂಜಿನ್ ತಿರುಗಿಸಲು ಸಾಲುವಂತಿರಲಿಲ್ಲ.

"ಆಧೀ ಫ್ಯೂಜ್, ಮಗ್ ಲಾಯಿಟ್" ಎಂದರು ಕಾಕಾ. ಮೊದಲು ಫ್ಯೂಜ್, ಆಮೇಲೆ ಲೈಟು. ಬ್ಯಾಟರಿ ಇಳಿದದ್ದು ನಿನ್ನ ಪುಣ್ಯ, ಆ ಟೇಪಿನೊಳಗಿನ ತಂತಿ ಕಿತ್ತು ತಗಡಿಗೆ ತಗುಲಿದ್ದರೆ ಏನಾಗುತ್ತಿತ್ತು ಗೊತ್ತೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಕಾರಿನ ಬ್ಯಾಟರಿ ಚಿಕ್ಕದಾಗಿ ಕಂಡರೂ ಎಂಜಿನ್ನನ್ನೇ ತಿರುಗಿಸುವಷ್ಟು ಕರೆಂಟನ್ನು ಒಂದೇ ಏಟಿಗೆ ಕೊಡಬಲ್ಲದು. ಕೂದಲೆಳೆಯಂಥ ವೈರಿನಲ್ಲಿ ಅದು ಹರಿದರೆ ವೈರು ಕೆಂಪಗಾಗಿ ಮೇಲಿನ ಪ್ಲಾಸ್ಟಿಕ್ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಡಿಕ್ಕಿಯ ಕಾರ್ಪೆಟ್ಟು, ಅದರಾಚೆ ಪೆಟ್ರೋಲ್ ಟ್ಯಾಂಕು. ಫ್ಯೂಜ್ ದೀಪವನ್ನು ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. ಆದ್ದರಿಂದಲೇ ಅದು ದೀಪದ ಹತ್ತಿರ ಇರಬಾರದು, ಕರೆಂಟು ಎಲ್ಲಿಂದ ಹೊರಡುತ್ತದೋ ಅಲ್ಲೇ ಇರಬೇಕು.

ಮುಂದಿನ ಭಾನುವಾರ ನಾವಿಬ್ಬರೂ ಸೇರಿ ಹೊಸದಾಗಿ ಮಾಡಿದೆವು. ಸಾಮಾನು ತಂದದ್ದು ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಿಂದ. ಬೆಂಗಳೂರಿನ ಎಸ್.ಪಿ. ರೋಡ್ ಬಲ್ಲವರಿಗೆ ಆ ಗಲ್ಲಿಯನ್ನು ವಿವರಿಸಬೇಕಿಲ್ಲ. ಭುಜ ಒರಸಿಕೊಂಡು ನಡೆಯಬೇಕು, ಕೇಳಿದ್ದು ಮೂರನೆಯ ಅಂಗಡಿಯಲ್ಲಿ ಸಿಗುತ್ತದೆ. ಒಂದು ಮೀಟರ್ 2835 ಜಾತಿಯ ಪಟ್ಟಿ, ಅದನ್ನು ಕೂರಿಸಲು ಅಲ್ಯುಮಿನಿಯಂ ಪಟ್ಟಿ ಮತ್ತು ಹಾಲುಬಣ್ಣದ ಮುಚ್ಚಳ, ನಡುವೆ ಸಿಕ್ಕಿಸುವ ಫ್ಯೂಜ್ ಹೋಲ್ಡರು, 2 ಆಂಪಿಯರ್ ಫ್ಯೂಜ್, ತೆಳ್ಳನೆಯ ಕಾರ್ ವೈರು, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ತೋಳು. ಎಲ್ಲ ಸೇರಿ 620 ರೂಪಾಯಿ.

ಕಾಕಾ ಅವರ ಉಪಾಯದ ಮೂಲ ಇಷ್ಟೇ. ಹೊಸ ದಾರಿ ತೆಗೆಯುವುದು ಬೇಡ, ಹಳೆಯ ಬಲ್ಬಿನ ಜಾಗಕ್ಕೆ ಹೊಸ ದೀಪವನ್ನು ಕೂರಿಸುವುದು. ಹಳೆಯ ಬಲ್ಬು 5 ವ್ಯಾಟ್. 2835 ಪಟ್ಟಿ ಮೀಟರಿಗೆ 60 ಹರಳಿನದಾದರೆ ಹತ್ತಿರ ಹತ್ತಿರ 4.8 ವ್ಯಾಟ್. ಅಂದರೆ ಕಾರಿನ ವೈರಿಗೂ ಸ್ವಿಚ್ಚಿಗೂ ತನ್ನ ಮೇಲೆ ಬಲ್ಬು ಇದೆಯೋ ಪಟ್ಟಿ ಇದೆಯೋ ತಿಳಿಯುವುದೇ ಇಲ್ಲ. ಬೆಳಕು ಮಾತ್ರ ಹಲವು ಪಟ್ಟು. ಬಲ್ಬು ತಿಂದದ್ದರಲ್ಲಿ ಹೆಚ್ಚಿನದು ಬಿಸಿಯಾಗಿ ಹೋಗುತ್ತಿತ್ತು. ನಾವು ಮೀಟರಿನಷ್ಟೂ ಹಾಕಲಿಲ್ಲ, 80 ಸೆಂಟಿಮೀಟರಿಗೆ ನಿಲ್ಲಿಸಿದೆವು. ಕಾರಣವಿದೆ. 12 ವೋಲ್ಟಿನ ಪಟ್ಟಿಯಲ್ಲಿ ಮೂರು ಮೂರು ಹರಳು ಸಾಲಾಗಿ, ಜೊತೆಗೊಂದು ರೆಸಿಸ್ಟರ್ ಇರುತ್ತದೆ. ಮೂರು ಹರಳಿಗೆ ಸುಮಾರು 9 ವೋಲ್ಟು ಹೋದರೆ ರೆಸಿಸ್ಟರಿಗೆ 3 ಉಳಿಯುತ್ತದೆ. ಎಂಜಿನ್ ಓಡುತ್ತಿದ್ದಾಗ ಕಾರಿನ ವೋಲ್ಟೇಜು 14ರ ಮೇಲೆ ಹೋಗುತ್ತದೆ, ರೆಸಿಸ್ಟರಿನ ಮೇಲೆ ಬೀಳುವುದು 3ರಿಂದ 5ಕ್ಕೆ ಏರುತ್ತದೆ. ಕರೆಂಟು ಒಂದೂವರೆ ಪಟ್ಟಿಗೂ ಹೆಚ್ಚು! ರಾತ್ರಿ ರಸ್ತೆ ಬದಿಯಲ್ಲಿ ನಿಂತವರು ಎಂಜಿನ್ ಚಾಲೂ ಇಟ್ಟೇ ಡಿಕ್ಕಿ ತೆಗೆಯುವುದುಂಟು. ಅದಕ್ಕೇ ಸ್ವಲ್ಪ ಕಡಿಮೆಯಿರಲಿ ಎಂದರು. ಮೂರು ಹರಳಿಗೊಂದರಂತೆ, ಅಂದರೆ ಪ್ರತಿ 5 ಸೆಂಟಿಮೀಟರಿಗೆ, ಕತ್ತರಿಸುವ ಗೆರೆ ಇರುತ್ತದೆ. ಅಲ್ಲಿ ಬಿಟ್ಟು ಬೇರೆಲ್ಲಿ ಕತ್ತರಿಸಿದರೂ ಆ ತುಂಡು ಸತ್ತಂತೆ.

ಇನ್ನೊಂದು ಮಾತು, ಇದು ಮುಖ್ಯ. ನಮ್ಮ ಕಾರಿನಲ್ಲಿ, ಇನ್ನೂ ಅನೇಕ ಕಾರುಗಳಲ್ಲಿ, ಡಿಕ್ಕಿ ದೀಪದ ಪ್ಲಸ್ ಯಾವಾಗಲೂ ಜೀವಂತ. ಡಿಕ್ಕಿಯ ಲಾಕಿನೊಳಗಿನ ಸ್ವಿಚ್ಚು ಹಚ್ಚಿ ಆರಿಸುವುದು ಮೈನಸ್ಸನ್ನು. ಆದ್ದರಿಂದ ಪಟ್ಟಿಯ ಎರಡೂ ವೈರುಗಳು ಹಳೆಯ ಬಲ್ಬಿನ ಎರಡೂ ವೈರುಗಳಿಗೇ ಹೋಗಬೇಕು. ಕರಿ ವೈರನ್ನು ತಗಡಿಗೆ ಕೊಟ್ಟಿರೋ, ನನ್ನ ಕಥೆಯೇ ನಿಮ್ಮದೂ. ನಾವು ಮೂಲ ವೈರು ಕತ್ತರಿಸಲೇ ಇಲ್ಲ. ಬಲ್ಬು ಕಿತ್ತು ಅದರ ಹೋಲ್ಡರಿಗೆ ಕೂರುವಂಥ ಪಿನ್ನು ಮಾಡಿ ಸಿಕ್ಕಿಸಿದೆವು, ಅಲ್ಲೇ ಫ್ಯೂಜ್ ಕೊಟ್ಟೆವು. ನಾಳೆ ಸರ್ವಿಸ್ ಸೆಂಟರಿನವರು ವೈರು ಕತ್ತರಿಸಿದ್ದೀರಿ ಎಂದು ವಾರಂಟಿಗೆ ತಕರಾರು ತೆಗೆದರೆ ಐದು ನಿಮಿಷದಲ್ಲಿ ಹಳೆಯ ಬಲ್ಬು ಹಾಕಿಕೊಡಬಹುದು. ಇದನ್ನೆಲ್ಲ ಮಾಡುವ ಮೊದಲು 10 ನಂಬರಿನ ಪಾನಾದಿಂದ ಬ್ಯಾಟರಿಯ ಮೈನಸ್ ಬಿಚ್ಚಿಟ್ಟದ್ದನ್ನು ಹೇಳಲು ಮರೆತೆ. ಗಡಿಯಾರ ಸೊನ್ನೆಗೆ ಬರುತ್ತದೆ, ಬರಲಿ.

ಎಲ್ಲಿ ಅಂಟಿಸುವುದು ಎಂಬುದಕ್ಕೆ ನಮ್ಮಿಬ್ಬರಿಗೆ ಜಗಳವೇ ಆಯಿತು. ನನಗೆ ಡಿಕ್ಕಿಯ ಬಾಗಿಲಿನ ಒಳಮೈಗೆ ಬೇಕಿತ್ತು, ತೆಗೆದಾಗ ಮೇಲಿನಿಂದ ಬೆಳಕು ಸುರಿಯಲೆಂದು. ಕಾಕಾ ಬಾಗಿಲಿಗೂ ಕಾರಿಗೂ ನಡುವೆ ಇರುವ ಕರಿ ರಬ್ಬರಿನ ಸೊಂಡಿಲನ್ನು ತೋರಿಸಿದರು. ಬಾಗಿಲಿಗೆ ಹೋಗುವ ವೈರೆಲ್ಲ ಅದರೊಳಗೇ ಹೋಗಬೇಕು, ಪ್ರತಿ ಸಲ ತೆಗೆದು ಮುಚ್ಚಿದಾಗ ಅಲ್ಲಿಯೇ ಬಗ್ಗಬೇಕು. ವರ್ಷಗಟ್ಟಲೆ ಬಗ್ಗಿ ಬಗ್ಗಿ ವೈರು ತುಂಡಾಗುವುದೂ ಅಲ್ಲಿಯೇ. ಹೊಸದೊಂದನ್ನು ಅಲ್ಲಿ ತುರುಕಬೇಡ ಎಂದರು. ಮೇಲಿನ ಕಂಬದ ಪ್ಲಾಸ್ಟಿಕ್ ಬಿಚ್ಚುವುದನ್ನೂ ಬೇಡವೆಂದರು, ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಆ ದಾರಿಯಲ್ಲೇ ಮಡಚಿಕೊಂಡು ಕೂತಿರುತ್ತದೆ. ಕೊನೆಗೆ ಎಡಕ್ಕೆ 40, ಬಲಕ್ಕೆ 40 ಸೆಂಟಿಮೀಟರು, ಹಿಂದಿನ ಹಲಗೆಯ ಅಂಚಿನ ಕೆಳಗೆ, ಚೀಲ ತಾಗದಷ್ಟು ಮೇಲೆ. ಒಂದು ಕಡೆಯ ನೆರಳನ್ನು ಇನ್ನೊಂದು ಕಡೆಯ ಬೆಳಕು ತಿನ್ನುತ್ತದೆ. ಜೋಳದ ಚೀಲ ಒಂದನ್ನು ಮುಚ್ಚಬಹುದು, ಎರಡನ್ನಲ್ಲ.

ಸಿಎನ್‌ಜಿ ಕಾರಿನವರು ಈ ಕೆಲಸಕ್ಕೆ ತಾವಾಗಿ ಕೈಹಾಕದಿರುವುದು ವಾಸಿ. ಡಿಕ್ಕಿಯಲ್ಲಿ ಗ್ಯಾಸಿನ ಸಿಲಿಂಡರು, ಅದರ ಬಾಯಿ, ಅದರ ಪೈಪು ಇರುವಲ್ಲಿ ಸಡಿಲ ಜೋಡಣೆಯ ಒಂದು ಕಿಡಿಗೂ ಅವಕಾಶ ಇರಬಾರದು. ಅವರಿಗೆ ಚಾರ್ಜ್ ಮಾಡುವ, ಅಯಸ್ಕಾಂತದಿಂದ ಅಂಟುವ ದೀಪವೇ ಸಾಕು.

ನಾನೂ ಒಂದು ತಪ್ಪು ಮಾಡಿದೆ. ಅಲ್ಯುಮಿನಿಯಂ ಪಟ್ಟಿ ಯಾಕೆ, ಎಲ್‌ಇಡಿಗೇ ಹಿಂದೆ ಗೋಂದು ಇದೆಯಲ್ಲ ಎಂದು ಎಡಗಡೆಯದನ್ನು ಕಾಕಾ ಚಹಾ ಕುಡಿಯಲು ಹೋದಾಗ ನೇರವಾಗಿ ಪ್ಲಾಸ್ಟಿಕ್ಕಿಗೆ ಅಂಟಿಸಿಬಿಟ್ಟೆ. ಆ ಪ್ಲಾಸ್ಟಿಕ್ ತರಿತರಿ, ಮೇಲೆ ಧೂಳಿನ ಜಿಡ್ಡು. ಮೂರನೆಯ ದಿನ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ತೆಗೆದರೆ ಪಟ್ಟಿ ಪಡವಲಕಾಯಿಯಂತೆ ಜೋತುಬಿದ್ದಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ, ಅಲ್ಯುಮಿನಿಯಂ ಪಟ್ಟಿಯೊಳಗೆ ಕೂರಿಸಿ, ಎರಡು ಕಡೆ ಸಣ್ಣ ಸ್ಕ್ರೂ ಹಾಕಿದ ಮೇಲೆ ನಿಂತಿತು.

ಡಿಕ್ಕಿ ಮುಚ್ಚಿದಾಗ ದೀಪ ನಿಜವಾಗಿ ಆರುತ್ತದೆಯೇ? ಫ್ರಿಜ್ಜಿನ ದೀಪದ ಹಳೆಯ ಪ್ರಶ್ನೆ ಇದು. ಎರಡು ದಾರಿ. ಬಾಗಿಲು ತೆರೆದಿರುವಾಗಲೇ ಲಾಕಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಿರುಗಿಸಿದರೆ ಡಿಕ್ಕಿ ಮುಚ್ಚಿತೆಂದು ಕಾರು ನಂಬುತ್ತದೆ, ದೀಪ ಆರುತ್ತದೆ. (ಆಮೇಲೆ ಹಿಡಿಕೆ ಎಳೆದು ಕೊಕ್ಕೆ ಬಿಡಿಸದೆ ಬಾಗಿಲು ಬಡಿದೀರಿ ಜೋಕೆ, ಲಾಕು ಮುರಿಯುತ್ತದೆ.) ಇನ್ನೊಂದು ದಾರಿ ಮಗಳದು. ಫೋನಿನಲ್ಲಿ ವಿಡಿಯೊ ಹಚ್ಚಿ ಒಳಗಿಟ್ಟು ಮುಚ್ಚಿದಳು. ಆಮೇಲೆ ಎಲ್ಲರೂ ಕೂತು ನೋಡಿದೆವು. ಮೊದಲು ನಮ್ಮ ಮೂತಿಗಳು, ಧಡ್ ಎಂದು ಸದ್ದು, ಆಮೇಲೆ ಪೂರಾ ಕಪ್ಪು. ಕಪ್ಪಿನೊಳಗಿಂದ ನಮ್ಮದೇ ಮಾತು ಕೇಳುತ್ತಿತ್ತು, "ಆರೈತೇನು? ಆರೈತೇನು?" ಎಂದು.

ಈ ದೀಪಕ್ಕೂ ಮಿತಿಯಿದೆ. ಗಾಲಿಯ ಹತ್ತಿರ ಇದರ ಬೆಳಕು ಬೀಳುವುದಿಲ್ಲ, ಅಲ್ಲಿಗೆ ಹಣೆಗೆ ಕಟ್ಟುವ ಟಾರ್ಚೇ ಬೇಕು, ಒಂದನ್ನು ತಂದಿಟ್ಟಿದ್ದೇನೆ. ಮತ್ತೆ, ಎಷ್ಟೇ ಬೆಳಕಿದ್ದರೂ ಹತ್ತು ಕಿಲೋ ಹಿಟ್ಟಿನ ಕೆಳಗಿನ ತ್ರಿಕೋನ ಕಾಣುವುದಿಲ್ಲ. ಅದನ್ನು ನೆಲದ ಅಡಿಯಿಂದ ತೆಗೆದು ಡಿಕ್ಕಿಯ ಎಡಗಡೆಯ ಗೋಡೆಗೆ, ದೀಪದ ಕೆಳಗೇ, ಅಗಲವಾದ ವೆಲ್ಕ್ರೊ ಪಟ್ಟಿಯಿಂದ ಕಟ್ಟಿದೆ. ನಲವತ್ತು ರೂಪಾಯಿಯ ಈ ಕೆಲಸ ಮೊದಲೇ ಹೊಳೆದಿದ್ದರೆ ಆ ರಾತ್ರಿ ಕರಾಡದ ಹತ್ತಿರ ಕುರುಡು ಕೈಗೂ ಅದು ಸಿಗುತ್ತಿತ್ತು.

ಅಪ್ಪನ ಎರಡನೆಯ ಕಣ್ಣೂ ಡಿಸೆಂಬರಿನಲ್ಲಿ ಆಯಿತು. ಸಂಕ್ರಾಂತಿಗೆ ಊರಿಗೆ ಬಿಡಲು ಹೊರಟೆವು. ರಾತ್ರಿ ಪ್ರಯಾಣ ಬಿಟ್ಟಿದ್ದೇನೆ, ಬೆಳಗಿನ ಐದಕ್ಕೆ ಹೊರಡುವುದು. ನಮ್ಮ ಪಾರ್ಕಿಂಗಿನಲ್ಲಿ ಆ ಹೊತ್ತಿಗೆ ಕರಿ ಕತ್ತಲೆ. ನಾನು ಮನೆಯ ಕೀಲಿ ಹಾಕಿ ಇಳಿದು ಬರುವಷ್ಟರಲ್ಲಿ ಡಿಕ್ಕಿ ತೆರೆದಿತ್ತು. ಬೆಳಕಿನಲ್ಲಿ ಅಪ್ಪ ಬಗ್ಗಿ ನಿಂತು ವೆಲ್ಕ್ರೊ ಕಿತ್ತು ಡಬ್ಬಿ ಕೈಗೆತ್ತಿಕೊಂಡಿದ್ದರು.

"ಇದನ್ನ ಹೆಂಗ ನಿಲ್ಲಸೋದು, ತೋರಸು" ಎಂದರು.

ತೋರಿಸಿದೆ. ಮೂರು ಬದಿ ಬಿಡಿಸಿ, ತುದಿಗೆ ತುದಿ ಸಿಕ್ಕಿಸಿ, ಕಾಲು ಅಗಲಿಸಿ ನೆಲಕ್ಕಿಟ್ಟರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದರು. ಕನ್ನಡಕ ಇರಲಿಲ್ಲ. ಮತ್ತೆ ಬಂದು ತಾವೇ ಮಡಚಿ, ಡಬ್ಬಿಗೆ ಹಾಕಿ, ಗೋಡೆಗೆ ಒತ್ತಿ ಅಂಟಿಸಿದರು. ಆಮೇಲೆ ಹೆಗಲ ಮೇಲಿನ ಟವಲ್ ತೆಗೆದು ನೀಟಾಗಿ ನಾಲ್ಕು ಮಡಿಕೆ ಮಾಡಿ ಅದರ ಪಕ್ಕದಲ್ಲಿಟ್ಟರು.

"ಇರಲಿ. ಅದರ ಜೋಡಿ ಇದೂ ಇರಲಿ."